ಬಿಳಿ ಗಾಡಿಯಲ್ಲಿ ಬಂದವಳನ್ನು ಎಂತ ಅಂತ ಕರೆಯುವುದು

ತೆಂಕಣಕೇರಿಯಲ್ಲಿ ಆಂಬುಲೆನ್ಸಿಗೆ ಒಂದೇ ಹೆಸರಿತ್ತು. ಹೆಣದ ಗಾಡಿ.

ಹೊನ್ನಾವರದಲ್ಲಿ ಶರಾವತಿಯ ಸೇತುವೆ ದಾಟಿ ಭಟ್ಕಳದ ಕಡೆಗೆ ತುಸು ದೂರ ಬಂದರೆ, ಹೆದ್ದಾರಿಯಿಂದ ಕಡಲಿಗೆ ಇಳಿಯುವ ಮರಳು ದಾರಿಯಲ್ಲಿ ಈ ಕೇರಿ ಸಿಗುತ್ತದೆ. ನಲವತ್ತು ಮನೆ. ಗಂಡಸರು ದೋಣಿಗೆ ಹೋಗುವವರು, ಹೆಂಗಸರು ಮೀನು ಮಾರುವವರು. ಆ ಹೆಸರನ್ನು ಅವರು ಸುಮ್ಮನೆ ಇಟ್ಟದ್ದಲ್ಲ. ಅವರು ಕಂಡ ಬಿಳಿ ಗಾಡಿಯೆಲ್ಲ ದೂರದ ಆಸ್ಪತ್ರೆಗಳಿಂದ ತಿರುಗಿ ಬಂದದ್ದು, ಒಳಗೆ ಮುಖ ಮುಚ್ಚಿ ಮಲಗಿಸಿದವರನ್ನು ತಂದದ್ದು. ಬದುಕಿದ್ದವರಿಗೆ ರಿಕ್ಷಾ ಇತ್ತು, ಮೀನಿನ ಟೆಂಪೋ ಇತ್ತು. ಹಾಗಾಗಿ ಹೆದ್ದಾರಿಯಲ್ಲಿ ಆ ಗಾಡಿಯ ಕೂಗು ಕೇಳಿದರೆ ತಾಯಂದಿರು ಮಕ್ಕಳನ್ನು ಒಳಗೆ ಕರೆಯುವರು. ಅದು ಕೇರಿಗೆ ಬಂದು ಹೋಯಿತೆಂದರೆ ಚಕ್ರದ ಗುರುತಿನ ಮೇಲೆಲ್ಲ ಸಗಣಿ ನೀರು ಚಿಮುಕಿಸುವರು. ಅದರಲ್ಲಿ ಬಂದವರಿಗೆ ನೀರು ಕೊಟ್ಟರೆ ಆ ಲೋಟವನ್ನು ಮತ್ತೆ ಅಡುಗೆಮನೆಗೆ ತರುತ್ತಿರಲಿಲ್ಲ.

ಈ ಸಗಣಿ ನೀರಿನ ಕೆಲಸಕ್ಕೆ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದವಳು ನಾಗು. ಒಣಮೀನು ಮಾರಿ ಇಬ್ಬರು ಗಂಡುಮಕ್ಕಳನ್ನು ಸಾಕಿದ ವಿಧವೆ. ಹಿರಿಯವನು ವಿನೋದ. ಎಂಟು ವರ್ಷದ ಹಿಂದೆ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮುಳುಗಿದ. ಅವನನ್ನು ಶವಪರೀಕ್ಷೆಗೆ ಒಯ್ದದ್ದು ಬಿಳಿ ಗಾಡಿ. ತಿರುಗಿ ತಂದು ಅಂಗಳದಲ್ಲಿ ಇಳಿಸಿದ್ದೂ ಅದೇ. ಅಂದಿನಿಂದ ಆ ಕೂಗು ಕೇಳಿದರೆ ನಾಗು ಕೈಯಲ್ಲಿದ್ದುದನ್ನು ಅಲ್ಲೇ ಇಟ್ಟು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು.

ಕಿರಿಯವನು ಸಂತೋಷ. ಅವನ ಹೆಂಡತಿ ಚಂದನಾ, ಹತ್ತನೆಯ ತರಗತಿ ಓದಿದವಳು, ಸ್ವಸಹಾಯ ಸಂಘದ ಸಭೆ ತಪ್ಪಿಸದವಳು. ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಒಂದು ದಿನ ಅವಳು ಸಭೆ ಮುಗಿಸಿ ಬಂದವಳೇ ಹೇಳಿದಳು:

"ಅತ್ತೆ, ನೂರಾ ಎಂಟು ಅಂತ ಒಂದು ನಂಬರ್ ಬಂದದೆ. ಫೋನ್ ಮಾಡಿದ್ರೆ ಆಂಬುಲೆನ್ಸ್ ಮನೆಬಾಗಿಲಿಗೇ ಬತ್ತದಂತೆ. ದುಡ್ಡು ಕೊಡೂದೂ ಬೇಡ."

ನಾಗು ಬಂಗಡೆ ಮೀನು ಒಣಹಾಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಹೆಣದ ಗಾಡಿಯನ್ನ ಫೋನ್ ಮಾಡಿ ಕರೆಯೂದನ? ಯಾರ ಮನೆಗೆ?"

"ಹೆಣಕ್ಕಲ್ಲ ಅತ್ತೆ. ಜೀವ ಇದ್ದವರಿಗೆ. ಹೆಣ ಅದರಲ್ಲಿ ಹಾಕೂದೇ ಇಲ್ಲಂತೆ. ಒಳಗೆ ಕಲಿತವರು ಒಬ್ಬರು ಇರ್ತಾರೆ. ಆಸ್ಪತ್ರೆ ಮುಟ್ಟೂವರೆಗೆ ಕಾಯೂದಿಲ್ಲ, ದಾರಿಯಲ್ಲೇ ಚಿಕಿತ್ಸೆ ಶುರು ಮಾಡ್ತಾರೆ."

ನೆರೆಮನೆಯ ಹೊನ್ನ ಬಲೆ ಹೊಲಿಯುತ್ತ ಕೂತಿದ್ದ. ಕೇರಿಗೆ ಹಿರಿಯ, ದೋಣಿಯವರನ್ನು ಮುಂದೆ ನಿಂತು ನಡೆಸುವ ತಂಡೇಲ. "ದಾರಿಯಲ್ಲಿ ಔಷಧ ಕೊಡೂದಾ? ಸಂತೆಯಲ್ಲಿ ಹಲ್ಲು ಕೀಳೂವವರ ಹಾಗೆ?" ಎಂದ.

"ಹೊನ್ನ ಮಾವ, ನಿಮ್ಮ ಎದುರಿನ ಎರಡು ಹಲ್ಲು ಆ ಸಂತೆಯಲ್ಲೇ ಹೋದದ್ದಲ್ಲನ?"

"ಹೋದದ್ದು ಹೋತು. ನೋವೂ ಹೋತು," ಎಂದು ಹೊನ್ನ ನಕ್ಕ. "ನೋಡು ಚಂದನಾ, ಈ ಕೇರಿಯಲ್ಲಿ ನೀರಿಗೆ ಬಿದ್ದವನಿಗೆ ಎಂತ ಮಾಡೂದು ಅಂತ ನಂಗೆ ಗೊತ್ತದೆ. ಡ್ರೈವರು, ಕ್ಲೀನರು ಬಂದು ಕಲಿಸೂದು ಬೇಡ."

ಅವನ ವಿದ್ಯೆ ಕೇರಿಗೆಲ್ಲ ಗೊತ್ತಿತ್ತು. ಮುಳುಗಿದವನ ಕಾಲು ಹಿಡಿದೆತ್ತಿ ತಲೆ ಕೆಳಗೆ ಮಾಡಿ ಕುಲುಕುವುದು, ಇಲ್ಲವೆ ಬೋರಲು ಹಾಕಿದ ದೋಣಿಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿಸಿ ಒತ್ತುವುದು. ನೀರು ಹೊರಗೆ ಬಂದರೆ ಜೀವ ಒಳಗೆ ಬರುತ್ತದೆ ಎಂದು ಅವನ ಅಪ್ಪ ಹೇಳಿಕೊಟ್ಟದ್ದು. ಅಪ್ಪನಿಗೆ ಅಜ್ಜ ಹೇಳಿಕೊಟ್ಟದ್ದು. ಮೂರು ತಲೆಮಾರಿನಿಂದ ಕಡಲ ದಂಡೆಯಲ್ಲಿ ಯಾರೂ ಅದನ್ನು ಪ್ರಶ್ನಿಸಿರಲಿಲ್ಲ.

ಮಾತು ಅಲ್ಲಿಗೆ ನಿಂತಿತು. ಚಂದನಾ ಮಾತ್ರ ಆ ನಂಬರನ್ನು ತನ್ನ ಸಣ್ಣ ಮೊಬೈಲಿನಲ್ಲಿ ಬರೆದಿಟ್ಟುಕೊಂಡಳು.

ಮಳೆಗಾಲದಲ್ಲಿ ನೂಲು ಹುಣ್ಣಿಮೆ ಕಳೆಯಿತು. ಕಡಲಿಗೆ ಪೂಜೆಯಾಯಿತು, ದೋಣಿಗಳು ನೀರಿಗೆ ಇಳಿದವು. ಅದಾಗಿ ಎಂಟನೆಯ ದಿನ, ಬೆಳಿಗ್ಗೆ ಒಂಬತ್ತರ ಹೊತ್ತು. ಹೆಂಗಸರು ಬುಟ್ಟಿ ಹಿಡಿದು ದಂಡೆಯಲ್ಲಿ ಕಾದಿದ್ದರು. ಸಂತೋಷನ ದೋಣಿ ಅಳಿವೆಯ ಬಾಯಿಗೆ ಬಂತು. ಹೊಳೆಯ ನೀರು ಹೊರಗೆ ನುಗ್ಗುತ್ತಿತ್ತು, ಕಡಲ ತೆರೆ ಒಳಗೆ ನುಗ್ಗುತ್ತಿತ್ತು. ಎರಡರ ನಡುವೆ ದೋಣಿ ಒಮ್ಮೆ ಮೂಗು ಎತ್ತಿತು, ಮಗುಚಿತು. ಮೂವರಿದ್ದರು. ಇಬ್ಬರ ತಲೆ ಮೇಲೆ ಕಂಡಿತು. ಮೂರನೆಯದು, ಸಂತೋಷನದು, ಕಾಣಲಿಲ್ಲ.

ಚಂದನಾ ಯಾರನ್ನೂ ಕೇಳಲಿಲ್ಲ. ಮೊಬೈಲು ತೆಗೆದು ಒತ್ತಿದಳು. ಒಂದು ಮಾತೂ ತಪ್ಪಲಿಲ್ಲ. "ಹೊನ್ನಾವರ ತಾಲೂಕು, ತೆಂಕಣಕೇರಿ. ಹೆದ್ದಾರಿಯಲ್ಲಿ ಐಸ್ ಫ್ಯಾಕ್ಟರಿ ಎದುರಿಗೆ ಮರಳು ದಾರಿ. ದೋಣಿ ಮಗುಚಿ ಒಬ್ಬರು ನೀರಿನಲ್ಲಿದ್ದಾರೆ. ನಾನು ಅವರ ಹೆಂಡತಿ."

ದೈವಕೃಪೆಯೆಂದೇ ಹೇಳಬೇಕು, ಆ ಗಾಡಿ ಭಟ್ಕಳದಲ್ಲಿ ಒಬ್ಬ ರೋಗಿಯನ್ನು ಬಿಟ್ಟು ತಿರುಗಿ ಬರುತ್ತ ಹತ್ತಿರದಲ್ಲೇ ಇತ್ತು.

ನಾಗು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಅವಳು ಅಳಲಿಲ್ಲ. ಕೈ ಮುಗಿದು ಕಡಲಿಗೆ ಹೇಳಿದಳು: "ತಾಯಿ, ಒಬ್ಬನನ್ನು ನಿಂಗೆ ಕೊಟ್ಟಾಗದೆ."

ಇನ್ನೊಂದು ದೋಣಿಯವರು ಹುಡುಕಿ, ಸಂತೋಷನನ್ನು ಕೂದಲು ಹಿಡಿದು ಮೇಲೆತ್ತಿ ದಂಡೆಗೆ ತಂದರು. ತುಟಿ ನೇರಳೆಯಾಗಿತ್ತು. ಎದೆ ಅಲುಗುತ್ತಿರಲಿಲ್ಲ. ಹೊನ್ನ ಓಡಿ ಬಂದವನೇ "ಕಾಲು ಹಿಡೀರಿ" ಎಂದ. ಇಬ್ಬರು ಕಾಲು ಹಿಡಿದೆತ್ತಿದರು. ಅದೇ ಹೊತ್ತಿಗೆ ಮೇಲಿನ ದಾರಿಯಲ್ಲಿ ಆ ಕೂಗು ಕೇಳಿತು, ನಿಂತಿತು.

ಮರಳಿನಲ್ಲಿ ಒಬ್ಬ ಹುಡುಗಿ ಓಡಿ ಬರುತ್ತಿದ್ದಳು. ಇಪ್ಪತ್ತೈದರೊಳಗಿನ ಪ್ರಾಯ, ಸಮವಸ್ತ್ರ, ಹೆಗಲಿಗೆ ದೊಡ್ಡ ಚೀಲ. ಅವಳ ಹಿಂದೆ ಆಮ್ಲಜನಕದ ಸಿಲಿಂಡರು ಹೊತ್ತ ನಡುವಯಸ್ಸಿನ ಗಂಡಸು. ನಾಗು ಅಡ್ಡ ಬಂದು ಎರಡೂ ಕೈ ಚಾಚಿ ನಿಂತಳು.

"ಇಲ್ಲಿ ಹೆಣ ಇಲ್ಲ. ನನ್ನ ಮಗ ಬದುಕಿದ್ದಾನೆ. ನೀವು ಹೋಗಿ."

"ಡಾಕ್ಟ್ರು ಎಲ್ಲಿ?" ಎಂದು ಹೊನ್ನ ಕೂಗಿದ. "ಈ ಹುಡುಗಿ ಎಂತ ಮಾಡ್ತದೆ? ಡ್ರೈವರಾ, ಇವಳನ್ನ ಕರ್ಕೊಂಡು ಹೋಗು."

ಹುಡುಗಿ ಹೊನ್ನನಿಗೆ ಉತ್ತರ ಕೊಡಲಿಲ್ಲ. ನಾಗುವಿನ ಮುಖವನ್ನೇ ನೋಡಿ, ಓಡಿದ ಉಸಿರಿನಲ್ಲೇ ಹೇಳಿದಳು: "ಅಮ್ಮ, ನಾನು ಹೆಣಕ್ಕೆ ಬಂದವಳಲ್ಲ. ನಿಮ್ಮ ಮಗನಿಗೆ ಉಸಿರು ಕೊಡಲಿಕ್ಕೆ ಬಂದವಳು. ನಾನು ಕಲಿತದ್ದೇ ಅದು. ಅವರ ಕಾಲು ಕೆಳಗೆ ಇಡಿಸಿ. ಹೊತ್ತು ಹೋಗ್ತಾ ಇದೆ."

ಆಗ ಸಂತೋಷನ ಬಾಯಿಂದ ನೀರು ಸುರಿಯಿತು. ಸುತ್ತ ನಿಂತವರು "ಬಂತು, ನೀರು ಬಂತು" ಎಂದರು.

ನಾಗು ಆ ಮಾತನ್ನು ಮೊದಲೊಮ್ಮೆ ಕೇಳಿದ್ದಳು. ಇದೇ ಮರಳಿನಲ್ಲಿ, ಇವೇ ಸ್ವರಗಳಲ್ಲಿ. ಎಂಟು ವರ್ಷದ ಹಿಂದೆ ವಿನೋದನ ಬಾಯಿಂದಲೂ ನೀರು ಬಂದಿತ್ತು. ಎಲ್ಲರೂ ಹೀಗೇ ಸಮಾಧಾನಪಟ್ಟಿದ್ದರು. ನೀರು ಬಂದಿತ್ತು, ಉಸಿರು ಬಂದಿರಲಿಲ್ಲ. ಅವಳು ತಿರುಗಿ ನಿಂತಳು.

"ಹೊನ್ನಣ್ಣ, ಕಾಲು ಬಿಡಿಸು."

"ನಾಗು, ಈಗ ಬಿಟ್ರೆ—"

"ಬಿಡಿಸು ಅಂದೆ. ಇವನು ನನ್ನ ಮಗ."

ಸಂತೋಷನನ್ನು ಅಂಗಾತ ಮಲಗಿಸಿದರು. ಹುಡುಗಿ ಮಂಡಿಯೂರಿ ಕೂತು, ಎರಡು ಬೆರಳು ಅವನ ಕುತ್ತಿಗೆಗೆ ಒತ್ತಿ, ಕಿವಿಯನ್ನು ಬಾಯಿಯ ಹತ್ತಿರ ತಂದಳು. "ನಾಡಿ ಇದೆ. ಉಸಿರಿಲ್ಲ," ಎಂದಳು. ಬಾಯೊಳಗಿನ ಮರಳು, ನೊರೆ ತೆಗೆದಳು. ತಲೆಯನ್ನು ಹಿಂದಕ್ಕೆ ಬಾಗಿಸಿ ಗದ್ದ ಎತ್ತಿದಳು. ಮೂಗು ಬಾಯಿ ಮುಚ್ಚುವ ಒಂದು ಬಟ್ಟಲು ಇಟ್ಟು, ಅದಕ್ಕೆ ಜೋಡಿಸಿದ ರಬ್ಬರಿನ ಚೀಲವನ್ನು ಮೆಲ್ಲಗೆ ಹಿಂಡಿದಳು.

ಸಂತೋಷನ ಎದೆ ಎದ್ದಿತು.

ನಾಗು ಮಗನ ಪಕ್ಕದ ಮರಳಿನಲ್ಲಿ ಕೂತಳು. ಚೀಲ ಬಿಟ್ಟಾಗ ಎದೆ ಇಳಿಯಿತು. ಹುಡುಗಿ ಬಾಯಲ್ಲೇ ಐದು ಎಣಿಸಿದಳು, ಮತ್ತೆ ಹಿಂಡಿದಳು. ಮತ್ತೆ ಎದೆ ಎದ್ದಿತು. ತನ್ನ ಹೊಟ್ಟೆಯಲ್ಲಿ ಒಂಬತ್ತು ತಿಂಗಳು ನಾಗು ತನ್ನ ಉಸಿರಿನಿಂದಲೇ ಉಸಿರಾಡಿಸಿದ ಜೀವಕ್ಕೆ ಈಗ ಹೆಸರೂ ಗೊತ್ತಿಲ್ಲದ ಒಬ್ಬಳು ಉಸಿರು ಕೊಡುತ್ತಿದ್ದಳು. ದಂಡೆಯಲ್ಲಿ ಕೇಳುತ್ತಿದ್ದದ್ದು ಇಷ್ಟೇ: ತೆರೆಯ ಸದ್ದು, ಆ ಎಣಿಕೆ, ಚೀಲದ ಸಣ್ಣ ಸುಯ್ಲು. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಗರ್ಭಗುಡಿಯ ಕಡೆ ನೋಡುವ ಹಾಗೆ ಎಲ್ಲರ ಕಣ್ಣೂ ಆ ಎರಡು ಕೈಗಳ ಮೇಲಿತ್ತು.

ಎಷ್ಟು ಹೊತ್ತಾಯಿತೆಂದು ನಾಗುವಿಗೆ ತಿಳಿಯಲಿಲ್ಲ. ಮೂರು ನಿಮಿಷ ಎಂದು ಆಮೇಲೆ ಹೇಳಿದರು. ಹುಡುಗಿ ಚೀಲ ಹಿಂಡುವ ಮೊದಲೇ ಎದೆ ತಾನಾಗಿ ಒಮ್ಮೆ ಎದ್ದಿತು. ಅವಳ ಕೈ ನಿಂತಿತು. ಮತ್ತೊಮ್ಮೆ ಎದ್ದಿತು. ಸಂತೋಷ ಕೆಮ್ಮಿದ. ತಕ್ಷಣ ಅವಳು ಅವನನ್ನು ಪಕ್ಕಕ್ಕೆ ಹೊರಳಿಸಿದಳು. ಅವನು ವಾಂತಿ ಮಾಡಿದ, ನರಳಿದ. ಆ ನರಳಿಕೆ ಕೇಳಿ ಚಂದನಾ ಅಷ್ಟು ಹೊತ್ತಿಗೆ ಮೊದಲ ಸಲ ಅತ್ತಳು.

"ಇನ್ನೂ ಮುಗಿದಿಲ್ಲ," ಎಂದಳು ಹುಡುಗಿ. "ಶ್ವಾಸಕೋಶಕ್ಕೆ ನೀರು ಹೋಗಿರ್ತದೆ. ಆಸ್ಪತ್ರೆಗೆ ಹೋಗ್ಲೇಬೇಕು. ನಾಲ್ಕು ಜನ ಸ್ಟ್ರೆಚರು ಹಿಡೀರಿ."

ಮುಂದಿನ ಬಲಬದಿಗೆ ಕೈ ಕೊಟ್ಟವನು ಹೊನ್ನ.

ನಾಗು ತನ್ನ ಕಾಲಿನಿಂದ ಆ ಗಾಡಿ ಹತ್ತಿದಳು. ಒಳಗೆ ಸಾವಿನ ವಾಸನೆ ಇರುತ್ತದೆಂದು ಅವಳು ನಂಬಿದ್ದಳು. ಇದ್ದದ್ದು ಔಷಧದ ವಾಸನೆ. ಹುಡುಗಿ ಒಂದು ಕೈಯಲ್ಲಿ ಸಂತೋಷನ ನಾಡಿ ಹಿಡಿದು, ಇನ್ನೊಂದರಲ್ಲಿ ಫೋನು ಹಿಡಿದು ಯಾರೋ ಡಾಕ್ಟರಿಗೆ ಎಲ್ಲವನ್ನೂ ಒಂದೊಂದಾಗಿ ಹೇಳುತ್ತಿದ್ದಳು, ಅವರು ಹೇಳಿದ್ದನ್ನು ಮಾಡುತ್ತಿದ್ದಳು. ಶರಾವತಿಯ ಸೇತುವೆಯ ಬಳಿ ಲಾರಿಗಳು, ಬಸ್ಸುಗಳು ಬದಿಗೆ ಸರಿದು ನಿಂತವು. ಮಂತ್ರಿಯ ಕಾರಿಗೆ ದಾರಿ ಬಿಟ್ಟದ್ದನ್ನು ನಾಗು ಕಂಡಿದ್ದಳು. ಮೀನುಗಾರ್ತಿಯ ಮಗನಿಗೆ ಇಡೀ ಹೆದ್ದಾರಿ ದಾರಿ ಬಿಟ್ಟದ್ದನ್ನು ಅಂದೇ ಕಂಡಳು.

ಆಸ್ಪತ್ರೆಯ ಡಾಕ್ಟರು ಸಂಜೆ ಬಂದು, "ಅಪಾಯ ಕಳೆಯಿತು. ದಂಡೆಯಲ್ಲೇ ಉಸಿರು ಕೊಟ್ಟದ್ದಕ್ಕೆ ಇವನು ನಮ್ಮ ಕೈಗೆ ಜೀವಂತ ಸಿಕ್ಕಿದ. ಇಲ್ಲದಿದ್ದರೆ ನಾವು ಮಾಡುವುದು ಎಂತದೂ ಇರುತ್ತಿರಲಿಲ್ಲ," ಎಂದರು.

ನಾಲ್ಕನೆಯ ದಿನ ಸಂತೋಷನನ್ನು ಮನೆಗೆ ಬಿಟ್ಟರು. ಅಂದು ನಾಗು ಬುಟ್ಟಿಯಲ್ಲಿ ತೆಂಗಿನಕಾಯಿ, ಹೂವು, ಬಾಳೆಹಣ್ಣು ಇಟ್ಟುಕೊಂಡು ಆಸ್ಪತ್ರೆಯ ಅಂಗಳದಲ್ಲಿ ಆ ಗಾಡಿ ನಿಲ್ಲುವ ಮರದಡಿ ಬಂದಳು. ಜೊತೆಗೆ ಚಂದನಾ. ಹಿಂದೆ, ಬರಬೇಕೋ ಬೇಡವೋ ಎಂಬಂತೆ ಹೊನ್ನ. ಹುಡುಗಿ ಗಾಡಿಯೊಳಗೆ ಸಾಮಾನು ಒರೆಸಿ ಜೋಡಿಸುತ್ತಿದ್ದಳು. ನಾಗು ಬುಟ್ಟಿ ಕೆಳಗಿಟ್ಟು ಅವಳ ಕಾಲಿಗೆ ಬಗ್ಗಿದಳು.

"ನೀನು ದೇವಿ. ನನ್ನ ಮನೆಗೆ ಬಂದ ದೇವಿ."

ಹುಡುಗಿ ಅವಳ ಭುಜ ಹಿಡಿದು ಎಬ್ಬಿಸಿದಳು. "ಬೇಡ ಅಮ್ಮ. ಹಾಗೆ ಕರೆಯಬೇಡಿ."

"ಮತ್ತೆ ಎಂತ ಅಂತ ಕರೆಯೂದು? ಅಂದು ಇಲ್ಲಿ ಹೆಣ ಇಲ್ಲ, ಹೋಗಿ ಅಂದೆ. ಆ ಮಾತು ನನ್ನ ನಾಲಿಗೆ ಸುಡ್ತಾ ಅದೆ."

"ನನ್ನ ಹೆಸರು ದಿವ್ಯಶ್ರೀ. ಊರು ಕುಮಟಾದ ಮಿರ್ಜಾನ. ಕುಳಿತುಕೊಳ್ಳಿ, ಹೇಳ್ತೇನೆ." ಅವಳು ಗಾಡಿಯ ಮೆಟ್ಟಿಲ ಮೇಲೆ ನಾಗುವನ್ನು ಕೂರಿಸಿ ತಾನೂ ಕೂತಳು. "ಒಂದು ಮನೆಗೆ ಹೋಗಿದ್ದೆ ಅಮ್ಮ. ಯಾವ ಊರು ಅಂತ ಬೇಡ. ಹೋದ ಕೂಡಲೇ ಎಲ್ಲರೂ ಕೈ ಮುಗಿದರು, ದೇವರು ಬಂದ ಹಾಗೆ ಬಂದಿ ಅಂದರು. ಅವರ ಅಪ್ಪನಿಗೆ ಎದೆನೋವು ಶುರುವಾಗಿ ಎರಡು ತಾಸಾಗಿತ್ತು. ಕಲಿತದ್ದೆಲ್ಲ ಮಾಡಿದೆ. ಉಳಿಯಲಿಲ್ಲ. ಕೈ ಮುಗಿದವರೇ ಕಲ್ಲು ಎತ್ತಿದರು. ಗಾಜು ಒಡೆಯಿತು. ದೇವರು ಅಂದರೆ ಸೋಲಬಾರದು ಅಂತ ಆಯಿತಲ್ಲ. ನಾನು ಸೋಲ್ತೇನೆ. ಕೆಲವೊಮ್ಮೆ ತಡವಾಗಿರ್ತದೆ."

ಹೊನ್ನ ಕೇಳಿದ: "ಹಂಗಾರೆ ಡಾಕ್ಟ್ರಮ್ಮ ಅನ್ನೂದಾ?"

"ಅದೂ ಅಲ್ಲ ಅಜ್ಜ. ಡಾಕ್ಟ್ರು ಬೇರೆ. ಅವರು ಫೋನಿನಲ್ಲಿ ಹೇಳ್ತಾರೆ, ಅದನ್ನು ಸ್ಥಳದಲ್ಲಿ ಮಾಡೂದು ನಾನು. ನೀವು ಡಾಕ್ಟ್ರು ಅಂದ್ರೆ ನಾಳೆ ನೆಗಡಿಗೆ ಇಂಜೆಕ್ಷನ್ ಕೊಡು ಅಂತ ಗಾಡಿ ನಿಲ್ಲಿಸ್ತೀರಿ. ನಮ್ಮ ಕೆಲಸಕ್ಕೆ ಅದರದೇ ಹೆಸರು ಇದೆ. ತುರ್ತು ವೈದ್ಯಕೀಯ ತಂತ್ರಜ್ಞರು."

"ಅಷ್ಟುದ್ದ ಹೆಸರು ಕರೆದು ಮುಗಿಸೂದ್ರೊಳಗೆ ಜೀವ ಹೋತದೆ," ಎಂದ ಹೊನ್ನ.

ದಿವ್ಯಶ್ರೀ ನಕ್ಕಳು. "ಅದಕ್ಕೇ ನಾವು ಇ.ಎಂ.ಟಿ. ಅಂತೇವೆ. ನಿಮಗೆ ಅದೂ ಕಷ್ಟ ಆದರೆ ತುರ್ತು ಚಿಕಿತ್ಸೆಯವರು ಅನ್ನಿ. ಎಂತಕ್ಕೆ ಬಂದವರು ಅಂತ ಆ ಹೆಸರಲ್ಲೇ ತಿಳಿಯಬೇಕು. ಅಷ್ಟು ಸಾಕು. ಅಂದು ದಂಡೆಯಲ್ಲಿ ಹಾಗೆ ಒಬ್ಬರಿಗೆ ತಿಳಿದಿದ್ದರೂ ಅರ್ಧ ನಿಮಿಷ ಉಳಿಯುತ್ತಿತ್ತು. ಆ ಅರ್ಧ ನಿಮಿಷ ನಿಮ್ಮ ಮಗನದು."

ಹೊನ್ನ ತಲೆ ತಗ್ಗಿಸಿದ. ಗಾಡಿ ನಡೆಸುವ ರಮಾನಂದ ಚಹಾ ಹಿಡಿದುಕೊಂಡು ಬಂದ. ಭಟ್ಕಳದ ಪಕ್ಕದ ಜಾಲಿಯವನು. "ನನ್ನನ್ನ ಕೇಳಲೇ ಇಲ್ಲ. ನಮ್ಮಲ್ಲಿ ನಡೆಸುವವನನ್ನ ಪೈಲಟ್ ಅಂತಾರೆ," ಎಂದ.

"ಪೈಲಟ್ಟಾ? ವಿಮಾನ ಎಲ್ಲಿಟ್ಟಿ ಮಾರಾಯ?" ಎಂದ ಹೊನ್ನ.

"ಹೆದ್ದಾರಿ ಹೊಂಡದಲ್ಲಿ ದಿನಾ ಹಾರ್ತೇನಲ್ಲ, ಸಾಲೂದಿಲ್ಲನ?"

ಎಲ್ಲರೂ ನಕ್ಕರು. ರಮಾನಂದ ತಂದ ಚಹಾದ ಒಂದು ಲೋಟವನ್ನು ನಾಗು ಅವನ ಕೈಯಿಂದಲೇ ತೆಗೆದುಕೊಂಡು ಕುಡಿದಳು. ಕುಡಿದು ಮುಗಿಸಿ, ಬಹಳ ಹೊತ್ತಿನಿಂದ ಎದೆಯಲ್ಲಿದ್ದುದನ್ನು ಕೇಳಿದಳು.

"ಮಗಳೇ, ನನ್ನ ದೊಡ್ಡವನಿಗೂ ಅಂದು ಹೀಗೆ ಉಸಿರು ಕೊಟ್ಟಿದ್ರೆ ಅಂವ ಉಳೀತಿದ್ನಾ?"

ದಿವ್ಯಶ್ರೀ ಹೇಳಿದಳು: "ಗೊತ್ತಿಲ್ಲ ಅಮ್ಮ. ಸುಳ್ಳು ಹೇಳೂದಿಲ್ಲ. ಉಳಿಯಲೂ ಬಹುದಿತ್ತು, ಇಲ್ಲದೆಯೂ ಇರಬಹುದಿತ್ತು. ಆದರೆ ಹೊಟ್ಟೆಯ ನೀರು ತೆಗೆಯುವುದರಲ್ಲಿ ಹೊತ್ತು ಕಳೆಯಬಾರದು. ಮುಳುಗಿದವರಿಗೆ ಮೊದಲು ಬೇಕಾದ್ದು ಉಸಿರು."

ನಾಗು ಕಣ್ಣೊರೆಸಿಕೊಂಡಳು. ಹೊನ್ನ ಗಾಡಿಯ ಹಿಂದಕ್ಕೆ ಹೋಗಿ ಒಬ್ಬನೇ ನಿಂತ. ಅವನು ವಿನೋದನನ್ನು ಎತ್ತಿ ಆಡಿಸಿದವನು; ಅಂದು ದಂಡೆಯಲ್ಲಿ ಕಾಲು ಹಿಡಿದು ಕುಲುಕಿಸಿದವನೂ ಅವನೇ. ನಾಗು ಎದ್ದು ಅವನ ಹತ್ತಿರ ಹೋದಳು.

"ಹೊನ್ನಣ್ಣ, ನಿಂಗೆ ಗೊತ್ತಿದ್ದದ್ದನ್ನ ನೀನು ಮಾಡಿದಿ. ನಂಗೂ ಅಷ್ಟೇ ಗೊತ್ತಿತ್ತು. ಈಗ ಗೊತ್ತಾತು. ಇನ್ನು ಗೊತ್ತಿಲ್ಲ ಅಂತ ಹೇಳೂಕೆ ನಮಗೆ ಬಾಯಿ ಇಲ್ಲ."

ಮುಂದಿನ ಶನಿವಾರ ಸಂಘದ ಸಭೆಗೆ ಕೇರಿಯ ಗಂಡಸರೂ ಬಂದರು. ಚಂದನಾ ಕೇಳಿಕೊಂಡಿದ್ದಕ್ಕೆ ದಿವ್ಯಶ್ರೀ ತನ್ನ ರಜೆಯ ದಿನ ಬಂದು, ಉಸಿರು ಕೊಡುವುದು ಹೇಗೆಂದು ತೋರಿಸಿದಳು. ಮುಂದಿನ ಸಾಲಿನಲ್ಲಿ ಕೂತು ಎರಡೆರಡು ಸಲ ಮಾಡಿ ಕಲಿತವನು ಹೊನ್ನ. ಸಭೆಯ ಕೊನೆಗೆ ಒಬ್ಬಳು, "ಹೆಣದ ಗಾಡಿಯವರು ಹೊರಟರಾ?" ಎಂದು ಅಭ್ಯಾಸಬಲದಿಂದ ಕೇಳಿಬಿಟ್ಟಳು. ನಾಗು ಬೈಯಲಿಲ್ಲ.

"ಅವರು ತುರ್ತು ಚಿಕಿತ್ಸೆಯವರು," ಎಂದಳು. "ಹೆಸರು ದಿವ್ಯಶ್ರೀ. ನನ್ನ ಮಗ ಅಲ್ಲಿ ಬಾಗಿಲಲ್ಲಿ ನಿಂತಿದ್ದಾನೆ. ಅವನನ್ನ ನೋಡಿ ಹೇಳು, ಯಾವ ಗಾಡಿ ಅದು?"

ಆ ಹೆಂಗಸು ಸಂತೋಷನನ್ನು ನೋಡಿದಳು. ಮತ್ತೆ ಆ ಮಾತು ತೆಂಕಣಕೇರಿಯಲ್ಲಿ ಕೇಳಲಿಲ್ಲ.

ಕಡಲ ದಂಡೆಯ ಅಣ್ಣಂದಿರೇ, ಅಕ್ಕತಂಗಿಯರೇ, ನಿಮ್ಮ ಊರಿನಲ್ಲೂ ಆ ಗಾಡಿಗೆ ಇಂಥದೊಂದು ಹೆಸರು ಇರಬಹುದು. ಇದ್ದರೆ ಈ ದಿನವೇ ಬಿಟ್ಟುಬಿಡಿ. ಆ ಹೆಸರು ಇರುವವರೆಗೆ ನಾವು ಫೋನು ಮಾಡಲು ಅಂಜುತ್ತೇವೆ, ಬಂದವರನ್ನು ತಡೆಯುತ್ತೇವೆ, ಅವರ ಮಾತು ಕೇಳುವುದಿಲ್ಲ. ಆಪತ್ತು ಬಂದರೆ ನೂರಾ ಎಂಟಕ್ಕೆ ಕೂಡಲೇ ಕರೆ ಮಾಡಿ, ದಾರಿಯ ಗುರುತು ಸರಿಯಾಗಿ ಹೇಳಿ. ಬಂದವರು ಹುಡುಗಿಯಾಗಲಿ, ಹುಡುಗನಾಗಲಿ, "ತುರ್ತು ಚಿಕಿತ್ಸೆಯವರು ಬಂದರು, ದಾರಿ ಬಿಡಿ" ಎಂದು ನೀವೇ ಮೊದಲು ಕೂಗಿ. ಅವರು ಹೇಳಿದಂತೆ ಮಾಡಿ. ಕೆಲಸ ಮುಗಿದ ಮೇಲೆ ಹೆಸರು ಕೇಳಿ, ಕುಡಿಯಲು ನೀರು ಕೊಡಿ. ಜೀವ ಉಳಿದರೂ ಉಳಿಯದಿದ್ದರೂ ಅವರ ಮೇಲೆ ಕೈ ಎತ್ತಬೇಡಿ. ಮನುಷ್ಯರು ಮಾಡಬಹುದಾದ್ದನ್ನು ಅವರು ಮಾಡುತ್ತಾರೆ. ಉಳಿದದ್ದನ್ನು ದೇವರಲ್ಲಿ ಬೇಡಿಕೊಳ್ಳೋಣ. ದೇವರ ಭಾರವನ್ನು ಅವರ ತಲೆಯ ಮೇಲೆ ಹೊರಿಸುವುದು ಬೇಡ.